ಬೋಳು ಮೊಲದ ಮನೆತನ

ಕರೆದವರಿಗೆ ಓಗೊಡಲು ಮನುಷ್ಯನಿಗೆ ಒಂದು ಹೆಸರು ಬೇಕು. ಐರಿಷ್ ನಾಡಿನ ಗಾಲ್ವೇ ಕಡೆಯ ಜನ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ: ಯಾರೂ ಕರೆಯುವ ಮೊದಲೇ ಮನೆತನದ ಹೆಸರಿನ ಮುಂದೆ ಒಂದು ‘ಓ’ ಅಂಟಿಸಿಕೊಂಡು ಹುಟ್ಟುತ್ತಾರೆ. ‘ಓ’ ಎಂದರೆ ಮೊಮ್ಮಗ. ‘ಮ್ಯಾಕ್’ ಎಂದರೆ ಮಗ. ಕಿವಿಗೂ ಹೆಚ್ಚುಕಡಿಮೆ ಹಾಗೇ ಕೇಳುತ್ತದೆ. ಇಷ್ಟು ಮಕ್ಕಳು ಮೊಮ್ಮಕ್ಕಳನ್ನು ಹೆಸರಿನಲ್ಲೇ ಹೊತ್ತು ತಿರುಗುವವರು ಒಂದೇ ಒಂದು ಕೂಸಿಗೆ ಹೆಸರಿಡಲಾರದೆ ಮನೆಯನ್ನು ಎರಡು ಮಾಡಿಕೊಂಡ ಈ ಕಥೆ ನಿಜವಾಗಿ ನಡೆದದ್ದು. ನಂಬದವರು ಮಲಕಿ ರ್ಯಾಬಿಟ್‌ನ ಮಾಂಸದಂಗಡಿಗೆ ಹೋಗಿ “ಮೊಲ ಇದೆಯಾ?” ಎಂದು ಕೇಳಿ ನೋಡಬಹುದು. ಹಲ್ಲಿನ ಜವಾಬ್ದಾರಿ ಅವರವರದೇ.

ಆ ಅಂಗಡಿಯಲ್ಲಿ ದನ, ಕುರಿ, ಹಂದಿ ಎಲ್ಲ ಸಿಗುತ್ತಿತ್ತು. ಮೊಲ ಮಾತ್ರ ಸಿಗುತ್ತಿರಲಿಲ್ಲ. ರ್ಯಾಬಿಟ್ ಎಂದರೆ ಮೊಲ ಎನ್ನುವುದು ಊರಿನ ಎಲ್ಲರಿಗೂ ಗೊತ್ತಿತ್ತು. ಮಲಕಿಯ ಎದುರಿಗೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಶಾಲೆಯಲ್ಲಿ ಅವನ ಮುಂದೆ ಮೂಗು ಕುಣಿಸಿದ ಹುಡುಗರು ಈಗ ಅಜ್ಜಂದಿರಾಗಿದ್ದರು. ಅವರಲ್ಲಿ ಇಬ್ಬರ ಮೂಗು ಇನ್ನೂ ನೆಟ್ಟಗಿರಲಿಲ್ಲ.

ಬ್ರೋನಾ ಆ ಮನೆಗೆ ಸೊಸೆಯಾಗಿ ಬಂದವಳು. ಕರಾವಳಿಯ ಮೀನುಗಾರರ ಮಗಳು. ಬ್ರೋನಾ ಎಂದರೆ ದುಃಖದವಳು ಎಂದು ಅರ್ಥ. ಕಳೆದ ಚಳಿಗಾಲದವರೆಗೆ ಆ ದುಃಖ ಹೆಸರಿಗಷ್ಟೇ ಇತ್ತು. ಆ ಚಳಿಗಾಲದಲ್ಲಿ ಅವಳ ತಮ್ಮ ಫಿಂಟನ್ ಮೀನಿಗೆ ಹೋದವನು ಬರಲಿಲ್ಲ. ದೋಣಿ ಸಿಕ್ಕಿತು, ಬಲೆ ಸಿಕ್ಕಿತು, ಅವನು ಸಿಗಲಿಲ್ಲ. ಹೆಣವಿಲ್ಲದ ಮೇಲೆ ಗೋರಿಯಿಲ್ಲ, ಗೋರಿಯಿಲ್ಲದ ಮೇಲೆ ಕಲ್ಲಿಲ್ಲ, ಕಲ್ಲಿಲ್ಲದ ಮೇಲೆ ಅವನ ಹೆಸರಿಗೆ ಭೂಮಿಯ ಮೇಲೆ ಜಾಗವೇ ಇಲ್ಲ. ಈಸ್ಟರ್ ಕಳೆದು ಗಂಡು ಮಗು ಹುಟ್ಟಿದಾಗ, ಜಾಗ ಸಿಕ್ಕಿತು ಎಂದುಕೊಂಡಳು.

ಅಷ್ಟರಲ್ಲಿ ಮಾವ ಮಲಕಿ, ಅಂಗಡಿಗೆ ಬಂದವರಿಗೆಲ್ಲ ಒಂದೊಂದು ಸಾಸೇಜ್ ಹೆಚ್ಚಿಗೆ ಕೊಟ್ಟು, “ಇನ್ನೊಬ್ಬ ಮಲಕಿ ಬಂದ!” ಎಂದು ಸಾರಿಯೂ ಆಗಿತ್ತು. ಮೊದಲ ಗಂಡು ಮಗುವಿಗೆ ಅಪ್ಪನ ಅಪ್ಪನ ಹೆಸರು. ಅದನ್ನು ಆ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ, ಹೇಳುವುದಿಲ್ಲ, ಇಡುತ್ತಾರೆ, ಅಷ್ಟೆ.

ಅವತ್ತು ಮಧ್ಯಾಹ್ನ ಬೇಯಿಸಿದ ಹಂದಿಮಾಂಸ, ಎಲೆಕೋಸು, ಆಲೂಗಡ್ಡೆ. ಬ್ರೋನಾ ಎಲ್ಲರಿಗೂ ಬಡಿಸಿ ಕೂತು, ಮಾತು ತೆಗೆದಳು.

“ಮಾವ, ಫಿಂಟನ್ ಅಂತ ಇಡೋಣ ಅಂತಿದ್ದೀನಿ.”

ಮಲಕಿ ಆಲೂಗಡ್ಡೆಯ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಯಾರಿಗೆ? ಬೆಕ್ಕಿಗಾ?”

“ಮಗೂಗೆ.”

“ಮಗೂಗೆ ಹೆಸರಿದೆಯಲ್ಲಮ್ಮ. ನಮ್ಮ ತಾತ ಮಲಕಿ, ಅವರ ಮಗ ನಮ್ಮಪ್ಪ ಟೈಗ್. ನಾನು ಮಲಕಿ, ನನ್ನ ಮಗ ಇಗೋ ಇಲ್ಲಿ ಕೂತಿದಾನಲ್ಲ, ನಿನ್ನ ಗಂಡ, ಟೈಗ್. ಮಲಕಿ, ಟೈಗ್, ಮಲಕಿ, ಟೈಗ್. ಗೋಡೆ ಗಡಿಯಾರದ ಲೋಲಕ ಇದ್ದ ಹಾಗೆ. ಮಧ್ಯೆ ಕೈ ಹಾಕಿದ್ರೆ ಗಡಿಯಾರ ನಿಲ್ಲುತ್ತೆ.”

“ನಿಮ್ಮ ಹೆಸರು ಕರೆದ್ರೆ ನೀವಿದ್ದೀರಿ, ಓ ಅಂತೀರಿ. ನನ್ನ ತಮ್ಮನ್ನ ಕರೆದ್ರೆ ಯಾರು ಓ ಅಂತಾರೆ ಮಾವ?”

“ಅದು ಸಮುದ್ರ ನುಂಗಿದ ಹೆಸರು. ತಂದು ತೊಟ್ಟಿಲಿಗೆ ಹಾಕ್ತೀಯಾ?”

“ಆ ಹೆಸರಿನ ಕಥೆ ನಿಮಗೂ ಗೊತ್ತಿದೆ. ಪ್ರಳಯ ಬಂದು ಎಲ್ಲಾರೂ ಮುಳುಗಿದಾಗ ಫಿಂಟನ್ ಒಬ್ಬನೇ ಮೀನಾಗಿ ಉಳಿದ್ನಂತೆ.”

“ನಿನ್ನ ತಮ್ಮ ಆಗ್ಲಿಲ್ಲವಲ್ಲ.”

 ಆಡಿದ ಮಾತು ಮಲಕಿಗೇ ಹೆಚ್ಚಾಯಿತೆನಿಸಿರಬೇಕು. ಎಲೆಕೋಸಿನ ಬೋಗುಣಿಯನ್ನು ಸೊಸೆಯ ಕಡೆ ತಳ್ಳಿದ. ಅವಳು ತಟ್ಟೆ ಬಿಟ್ಟು ಎದ್ದು ಹೋದಳು.

“ನೀನಾದ್ರೂ ಒಂದು ಮಾತು ಆಡೋ,” ಎಂದು ಅತ್ತೆ ಡಿಂಪ್ನಾ ಮಗನಿಗೆ ಹೇಳಿದಳು.

“ಹೂಂ,” ಎಂದ ಟೈಗ್. ಟೈಗ್ ಎಂದರೆ ಕವಿ ಎಂದು ಅರ್ಥ. ಮದುವೆಯ ದಿನ ಇಗರ್ಜಿಯಲ್ಲಿ “ಒಪ್ಪಿಗೆ” ಎಂದದ್ದೇ ಈ ಕವಿಯ ಮಹಾಕಾವ್ಯ. ಆಮೇಲಿನದೆಲ್ಲ ಬಿಡಿ ಅಕ್ಷರ.

ವಾರಗಳು ಉರುಳಿದವು, ಹೆಸರು ಕೂರಲಿಲ್ಲ, ಹೆಸರಿಲ್ಲದೆ ಇಗರ್ಜಿಯಲ್ಲಿ ದೀಕ್ಷಾಸ್ನಾನವೂ ಆಗಲಿಲ್ಲ. ಎಲ್ಲರೂ ಕೂಸನ್ನು “ಮರಿ” ಎಂದೇ ಕರೆಯುತ್ತಿದ್ದರು. ಮಲಕಿ ಮಾತ್ರ ತೊಟ್ಟಿಲಿಗೆ ಬಗ್ಗಿ, ಸೊಸೆಗೆ ಕೇಳಿಸುವಷ್ಟು ಗಟ್ಟಿಯಾಗಿ, “ಏನಪ್ಪಾ ಮಲಕಿ, ನಿದ್ದೆ ಆಯ್ತಾ?” ಎನ್ನುತ್ತಿದ್ದ. ಅವನು ಅಂಗಡಿಗೆ ಇಳಿದ ಮೇಲೆ ಬ್ರೋನಾ ಕೂಸಿನ ಕಿವಿಯಲ್ಲಿ ಇನ್ನೊಂದು ಹೆಸರು ಹೇಳುತ್ತಿದ್ದಳು. ಒಂದೇ ಕಿವಿಗೆ ಬೆಳಿಗ್ಗೆಯೊಂದು ಸಂಜೆಯೊಂದು.

ದೀಕ್ಷಾಸ್ನಾನ ಆಗದ ಕೂಸನ್ನು ದೇವದೂತರಿಗಿಂತ ಮೊದಲು ಮಾಯದ ಜನ ಎತ್ತಿಕೊಂಡು ಹೋಗುತ್ತಾರೆಂದು ಡಿಂಪ್ನಾ ಒಲೆಯ ಕಬ್ಬಿಣದ ಇಕ್ಕಳ ತಂದು ತೊಟ್ಟಿಲಿಗೆ ಅಡ್ಡಲಾಗಿ ಇಟ್ಟಳು.

“ಅತ್ತೆ, ಅದು ಮಗೂ ತಲೆ ಮೇಲೆ ಬಿದ್ರೆ?”

“ಬಿದ್ರೆ ಬುಗುಟು ಬರುತ್ತೆ. ಇಡದೆ ಇದ್ರೆ ಮಗೂನೇ ಇರಲ್ಲ. ನಿನ್ನೆಯಿಂದ ಕೆಮ್ಮು ಬೇರೆ. ಏನಾದ್ರೂ ಆಗಿಬಿಟ್ರೆ ಪವಿತ್ರ ಮಣ್ಣಲ್ಲಿ ಜಾಗವೂ ಸಿಗಲ್ಲ, ಗೊತ್ತಾ ನಿನಗೆ? ನಿನ್ನ ಹಟಕ್ಕೂ ಅವರ ಹಟಕ್ಕೂ ನನ್ನ ಮರಿ ಬೀದಿಪಾಲಾಗ್ಬೇಕಾ?”

ಈಗಾಗಲೇ ಮಣ್ಣು ಸಿಗದ ಒಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ ಬ್ರೋನಾ ಕೂಡಲೇ ಶಾಲು ಹೊದ್ದು ಹೊರಟಳು. ಪಾದ್ರಿ ಲಾಫ್ಟಸ್‌ರ ಬಳಿಗೆ ಹೋದಳು. “ನೋಡಮ್ಮಾ, ಹ್ಞಾಂ, ಮನೆಯಲ್ಲಿ ಒಂದು ಹೆಸರಿಗೆ ಬನ್ನಿ, ಹ್ಞಾಂ, ನೀರು ನಾನು ಹಾಕುತ್ತೇನೆ,” ಎಂದು ಅವರು ಮೂಗಿನಲ್ಲಿ ನುಡಿದು ಕಳಿಸಿದರು.

ಆ ಮೂಗಿನ ನುಡಿಯನ್ನು ಪಾದ್ರಿಗಿಂತ ಚೆನ್ನಾಗಿ ಆಡಬಲ್ಲವಳು ಒಬ್ಬಳಿದ್ದಳು: ಮಲಕಿಯ ಕಿರಿಯ ಮಗಳು ಸೈವ್. ಗಾಲ್ವೇಯ ಕಾಲೇಜಿನಲ್ಲಿ ಹಳೆಯ ಐರಿಷ್ ಓದುತ್ತಿದ್ದಳು. ಶನಿವಾರದ ಬಸ್ಸಿನಲ್ಲಿ ಒಗೆಯುವ ಬಟ್ಟೆಯ ಗಂಟು ಹೊತ್ತು ಬಂದು, ಸೋಮವಾರ ಸೋಡಾ ರೊಟ್ಟಿಯ ಗಂಟು ಹೊತ್ತು ಹೋಗುತ್ತಿದ್ದಳು. ಸೈವ್ ಎಂದರೆ ಸಿಹಿ. “ಟೀಗೆ ಹಾಕಿದ್ರೆ ಹಾಲು ಒಡೆಯುತ್ತೆ,” ಎನ್ನುತ್ತಿದ್ದಳು ಅವಳ ತಾಯಿ. ಅಂಚೆಯ ಮಿಸೆಸ್ ಕಿಲ್‌ಗ್ಯಾನನ್, ಬಸ್ಸಿನ ಕಂಡಕ್ಟರು, ಊರಿನ ಕತ್ತೆ, ಎಲ್ಲರ ದನಿಯೂ ಅವಳ ಗಂಟಲಲ್ಲಿ ಬಾಡಿಗೆಗಿತ್ತು. ಪಾದ್ರಿಯನ್ನು ಮಾತ್ರ ಅಪ್ಪನ ಬೆನ್ನ ಹಿಂದೆ ಆಡುತ್ತಿದ್ದಳು, ಏಕೆಂದರೆ ಮಲಕಿ ಹೆದರುತ್ತಿದ್ದ ಒಂದೇ ಒಂದು ಜೀವ ಫಾದರ್ ಲಾಫ್ಟಸ್.

“ಅತ್ತಿಗೆ, ಈ ಮನೇಲಿ ಎರಡು ದೇಶ ಆಗಿದೆಯಲ್ಲ. ಗಡಿ ಎಲ್ಲಿ, ಬೆಣ್ಣೆ ಡಬ್ಬಿ ಹತ್ರಾನಾ?” ಎಂದಳು ಬಂದವಳೇ.

ಬ್ರೋನಾ ನಗಲಿಲ್ಲ. “ತಮಾಷೆ ಬೇಡ ಸೈವ್. ನಂಗೆ ಈ ಹೆಸರು ಬೇಕು. ಬೇರೇನೂ ಬೇಡ ಈ ಮನೆಯಿಂದ.”

ಸೈವ್ ಅತ್ತಿಗೆಯ ಮುಖ ನೋಡಿ ಸುಮ್ಮನಾದಳು. ಅವಳು ಸುಮ್ಮನಾದರೆ ಹೆದರಬೇಕು ಎನ್ನುವುದು ಬ್ರೋನಾಗೆ ಇನ್ನೂ ತಿಳಿದಿರಲಿಲ್ಲ.

ಆ ಮಂಗಳವಾರ ಅಂಗಡಿಯ ಗೋಡೆಯ ಫೋನು ಹೊಡೆದುಕೊಂಡಿತು. ಬ್ರೋನಾ ಹಿಂದಿನ ಕೋಣೆಯಲ್ಲಿ ಸಾಸೇಜಿಗೆ ಮಾಂಸ ತುಂಬುತ್ತಿದ್ದಳು. ಅವಳಿಗೆ ಮಾವನ ಕಡೆಯ ಮಾತಷ್ಟೇ ಕೇಳುತ್ತಿತ್ತು.

“ಓ, ಫಾದರ್! ನಮಸ್ಕಾರ ಫಾದರ್... ಹೌದು, ಮಲಕಿ ಅಂತಲೇ... ಅರ್ಥವಾ? ಗೊತ್ತಿಲ್ಲ ಫಾದರ್... ಏನು? ಬೋಳು?... ಹೌದು, ರ್ಯಾಬಿಟ್... ಅಲ್ಲ ಫಾದರ್, ಬೋಳು ಅಂತ ಹೇಗೆ... ಇಗರ್ಜಿಯಲ್ಲಿ ಜನ ನಗ್ತಾರಾ?... ಆಯ್ತು ಫಾದರ್. ಇಲ್ಲ ಫಾದರ್. ಆಯ್ತು.”

ಮಲಕಿ ಫೋನಿಟ್ಟ. ಗಿರಾಕಿಗೆ ಕತ್ತರಿಸುತ್ತಿದ್ದ ಕುರಿಯ ತುಂಡು ಹಲಗೆಯ ಮೇಲೆ ಅರ್ಧಕ್ಕೇ ಉಳಿದಿತ್ತು. ಏಪ್ರನ್ ಕಳಚಿ ಮೊಳೆಗೆ ಹಾಕಿ, ಹಗಲು ಹೊತ್ತಿನಲ್ಲೇ ಮಹಡಿ ಹತ್ತಿ ಹೋದ.

“ಏನಾಯ್ತು ಮಾವ?”

“ಏನಿಲ್ಲ. ಅವರಿಗೆ ತೂಕ ಮಾಡಿ ಕೊಡು.”

ಏನಾಯ್ತೆಂದು ಅವಳಿಗೆ ತಿಳಿದದ್ದು ಸಂಜೆ, ರೊಟ್ಟಿಯಂಗಡಿಯಲ್ಲಿ. ಊರಿನ ಫೋನೆಲ್ಲ ಅಂಚೆಮನೆಯ ಸ್ವಿಚ್‌ಬೋರ್ಡಿನ ಮೂಲಕ ಹಾದು ಬರುತ್ತಿದ್ದವು. ತಂತಿ ಜೋಡಿಸಿದ ಮೇಲೆ ಕಿವಿಯ ಡಬ್ಬಿ ತೆಗೆದಿಡುವ ಕೆಟ್ಟ ಚಾಳಿ ಮಿಸೆಸ್ ಕಿಲ್‌ಗ್ಯಾನನ್‌ಗೆ ಇರಲಿಲ್ಲ. ಮಲಕಿ ಎನ್ನುವುದರ ಹಳೆಯ ಐರಿಷ್ ರೂಪ ‘ಮ್ವೀಲ್’ ಎಂದು ಶುರುವಾಗುತ್ತದೆ, ‘ಮ್ವೀಲ್’ ಎಂದರೆ ಬೋಳು. ರ್ಯಾಬಿಟ್ ಅಂತೂ ಮೊಲವೇ. ದೇವರ ಮನೆಯಲ್ಲಿ ನಿಂತು ಕೂಸಿಗೆ ‘ಬೋಳು ಮೊಲ’ ಎಂದು ಹೆಸರಿಡಬೇಕೇ ಎಂದು ಗಾಲ್ವೇಗೆ ಹೋಗಿದ್ದ ಪಾದ್ರಿಯೇ ಅಲ್ಲಿಂದ ಫೋನಿನಲ್ಲಿ ಕೇಳಿದರಂತೆ! ಕತ್ತಲಾಗುವುದರೊಳಗೆ ಊರಿಗೆ ಊರೇ ಅದನ್ನು ಟೀ ಜೊತೆ ಕುಡಿದಿತ್ತು.

ಮಾರನೆಯ ದಿನದಿಂದ ಗಿರಾಕಿಗಳು ಹೊಸ ಹೊಸ ಬಗೆಯಲ್ಲಿ ಮಾಂಸ ಕೇಳತೊಡಗಿದರು.

“ಅರ್ಧ ಪೌಂಡ್ ಕೊಚ್ಚಿದ್ದು ಕೊಡಿ ಮಲಕಿ. ಕೂದಲು ಇಲ್ಲದ್ದು.”

“ಹಂದಿಯ ಚರ್ಮ ನುಣ್ಣಗಿರ್ಲಿ ಮಲಕಿ, ಬೋಳಿಸಿದ ಹಾಗೆ.”

ಮಲಕಿಯ ತಲೆಯಲ್ಲಿ ಆ ವಯಸ್ಸಿಗೂ ಹೊರೆಗಟ್ಟಲೆ ಬಿಳಿ ಕೂದಲಿತ್ತು. ಮಾತನಾಡದೆ ತೂಗಿ ಕೊಡುತ್ತಿದ್ದ. ಮೊದಲಾಗಿದ್ದರೆ ಕತ್ತಿ ಹಲಗೆಗೆ ಕಚ್ಚುತ್ತಿತ್ತು. ಯಾರೋ ಮಕ್ಕಳು ಅಂಗಡಿಯ ಗಾಜಿನ ಮೇಲೆ ಸಾಬೂನಿನಲ್ಲಿ ಎರಡು ಉದ್ದ ಕಿವಿ, ನಡುವೆ ಒಂದು ಮೊಟ್ಟೆ ಬರೆದು ಹೋಗಿದ್ದರು. ಬೈಯಲಿಲ್ಲ, ಒದ್ದೆ ಬಟ್ಟೆ ತಂದು ತಾನೇ ಒರೆಸಿದ. ಬ್ರೋನಾ ಮೆಟ್ಟಿಲ ಮೇಲಿಂದ ನೋಡಿದಳು: ಒರೆಸಿದ ಮೇಲೆಯೂ ಅದೇ ಜಾಗವನ್ನು ಒರೆಸುತ್ತಲೇ ಇದ್ದ.

ಭಾನುವಾರ ಊರಿನ ಇಗರ್ಜಿಗೆ ಹೋಗದೆ ಸೈಕಲ್ಲು ಹತ್ತಿ ಪಕ್ಕದೂರಿನ ಪೂಜೆಗೆ ಹೋದ. ಡಿಂಪ್ನಾ ಕರಿದಿಟ್ಟ ರಕ್ತದ ಸಾಸೇಜು ತಟ್ಟೆಯಲ್ಲೇ ಆರಿತು.

“ನಿಮಗೆ ಅಂತಲೇ ಮಾಡಿದ್ದು. ಎರಡು ಚೂರಾದ್ರೂ...”

“ಹಸಿವಿಲ್ಲ ಡಿಂಪ್ನಾ.”

ಎದ್ದು ಹೋಗುವಾಗ ತೊಟ್ಟಿಲ ಬಳಿ ನಿಂತ. ಅಭ್ಯಾಸಬಲದಿಂದ ಬಾಯಿ ತೆರೆದವನು ಮುಚ್ಚಿದ. ಸೊಸೆಯ ಕಡೆ ನೋಡದೆ ಹೇಳಿದ: “ಫಿಂಟನ್ ಅಂತಲೇ ಇಡಮ್ಮ. ನನ್ನ ಹೆಸರು ಯಾರಿಗೂ ಬೇಡ.”

ಬೇಕಾದದ್ದು ಸಿಕ್ಕಿತ್ತು. ಆ ಸಂಜೆ ಬ್ರೋನಾ ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಬಗ್ಗಿದಳು. ಬಾಯಿಗೆ ಬರಲಿಲ್ಲ.

“ಗೆದ್ದೆಯಲ್ಲ?” ಎಂದಳು ಡಿಂಪ್ನಾ, ತಟ್ಟೆ ತೊಳೆಯುತ್ತ. ಬಯ್ಗುಳವೋ ಬೇಸರವೋ ತಿಳಿಯಲಿಲ್ಲ.

“ಗೆದ್ದವರ ಮುಖ ಹೀಗಿರುತ್ತಾ ಅತ್ತೆ?”

ಆ ವಾರ ಬಾರದಿದ್ದ ಸೈವ್ ಮುಂದಿನ ಶನಿವಾರ ಬಂದಳು. ಬ್ರೋನಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ನಡೆದದ್ದನ್ನೆಲ್ಲ ಹೇಳಿದಳು. ಮಲಕಿ ಹೆಸರು ಬಿಟ್ಟುಕೊಟ್ಟ ಎನ್ನುವಲ್ಲಿಗೆ ಬಂದಾಗ ಸೈವ್ ಕುಣಿದಳು. ಒಂದು ಒದ್ದೆ ದಿಂಬಿನ ಚೀಲವನ್ನು ಕುತ್ತಿಗೆಗೆ ಸುತ್ತಿಕೊಂಡು, ಗದ್ದ ಒಳಗೆಳೆದು, ಮೂಗಿನಲ್ಲಿ ಶುರು ಮಾಡಿದಳು: “ನೋಡಪ್ಪಾ ಮಲಕೀ, ಹ್ಞಾಂ, ದೇವರ ಮುಂದೆ ಬೋಳು ಮೊಲ ಎಂದರೆ, ಹ್ಞಾಂ, ಸಂತರೂ ನಗುತ್ತಾರಪ್ಪಾ...”

ಬ್ರೋನಾಳ ಬಾಯಲ್ಲಿ ಬಟ್ಟೆಯ ಕ್ಲಿಪ್ಪಿತ್ತು. ತೆಗೆದಳು. “ಫೋನ್ ಮಾಡಿದ್ದು ನೀನಾ?”

“ಮತ್ತಿನ್ಯಾರು? ನಿನಗೋಸ್ಕರ!”

“ಮಾವ ಊಟ ಬಿಟ್ಟಿದಾರೆ ಸೈವ್. ಬೀದಿ ಮಕ್ಕಳು ಗಾಜಿನ ಮೇಲೆ ಚಿತ್ರ ಬರೀತಾರೆ. ಅವರು ಒರೆಸ್ತಾರೆ.”

ಸೈವ್‌ಳ ಗದ್ದ ತನ್ನ ಜಾಗಕ್ಕೆ ಬಂತು. “ಕಿಲ್‌ಗ್ಯಾನನ್ ಕಿವಿ ಇಡ್ತಾಳೆ ಅನ್ನೋದು ಮರೆತೇಹೋಗಿತ್ತು ಕಣೆ. ಅಪ್ಪನಿಗೊಬ್ಬನಿಗೇ ಅಂತ... ಒಂದು ದಿನ ಕೂಗಾಡಿ ಸುಮ್ಮನಾಗ್ತಾನೆ ಅಂತ...”

“ನಿಜವಾಗಿ ಅದೇ ಅರ್ಥಾನಾ?”

“ಅರ್ಧ ನಿಜ. ಮ್ವೀಲ್ ಅಂದ್ರೆ ಬೋಳೇ. ಆದ್ರೆ ಹಳೇ ಕಾಲದಲ್ಲಿ ಸನ್ಯಾಸಿಗಳು ತಲೆ ಬೋಳಿಸ್ತಿದ್ರಲ್ಲ, ಅದಕ್ಕೆ ಮ್ವೀಲ್ ಅಂದ್ರೆ ಭಕ್ತ. ಸಂತ ಸೆಕ್ನಲ್‌ನ ಭಕ್ತ, ಅದು ಮಲಕಿ. ಇನ್ನು ಮನೆತನದ ಹೆಸರು ಓ ಕುನೀನ್. ಕುನೀನ್ ಅಂದ್ರೆ ಮೊಲ ಅಂತ ಯಾವನೋ ಗುಮಾಸ್ತ ಇಂಗ್ಲಿಷಿಗೆ ರ್ಯಾಬಿಟ್ ಅಂತ ತಿರುಗಿಸಿಬಿಟ್ಟ. ನಮ್ಮ ಪ್ರೊಫೆಸರು ಅದು ಮೊಲವೇ ಅಲ್ಲ ಅಂತಾರೆ. ಹಳೇ ಮಾತು ‘ಕನೋ’ದಿಂದ ಬಂದಿರ್ಬೇಕಂತೆ. ಕನೋ ಅಂದ್ರೆ ತೋಳದ ಮರಿ.”

“ಇನ್ನರ್ಧ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ? ಸಂತನ ಭಕ್ತ, ತೋಳದ ಮರಿ ಅಂತ ಎದೆಯುಬ್ಬಿಸಿ ಮಲಕಿ ಅಂತಲೇ ಇಡಿಸ್ತಿದ್ದ! ಈಗಲೂ ಅಷ್ಟೆ. ನಿಜ ಗೊತ್ತಾದ್ರೆ ನಿನ್ನ ಫಿಂಟನ್ ಹೋದ ಅಂತಲೇ ತಿಳ್ಕೋ.”

ಗಾಳಿಗೆ ಪುಟ್ಟ ಅಂಗಿಗಳು ತಂತಿಯ ಮೇಲೆ ತುಂಬಿಕೊಂಡವು, ಬರಿದಾದವು. ಬ್ರೋನಾ ಬುಟ್ಟಿ ಎತ್ತಿಕೊಂಡಳು.

“ಕದ್ದ ಜಾಗಾನ ನನ್ನ ತಮ್ಮನ ಹೆಸರಿಗೆ ಕೊಡಲ್ಲ. ನಾಳೆ ಊಟದೊಳಗೆ ನೀನು ಹೇಳು. ಇಲ್ಲ ನಾನೇ ಹೇಳ್ತೀನಿ.”

ಭಾನುವಾರದ ಊಟಕ್ಕೆ ಡಿಂಪ್ನಾ ಯಾರನ್ನೂ ಕೇಳದೆ ಫಾದರ್ ಲಾಫ್ಟಸ್‌ರನ್ನೇ ಕರೆದುಬಿಟ್ಟಿದ್ದಳು. ಹುರಿದ ಕುರಿತೊಡೆ, ಪುದೀನ ಚಟ್ನಿ, ಬಟಾಣಿ. ಪಾದ್ರಿ ಒಳಗೆ ಬಂದಾಗ ಎಲ್ಲರೂ ಎದ್ದರು, ಮಲಕಿಯೊಬ್ಬ ಏಳಲಿಲ್ಲ. ಡಿಂಪ್ನಾ ಶಿಲುಬೆಯ ಗುರುತು ಹಾಕಿಕೊಂಡಳು.

“ಏನಪ್ಪಾ ಮಲಕೀ, ಹ್ಞಾಂ, ಎರಡು ವಾರದಿಂದ ಇಗರ್ಜಿಗೇ ಕಾಣಲಿಲ್ಲ?” ಎನ್ನುತ್ತ ಪಾದ್ರಿ ಟೋಪಿ ತೆಗೆದು ಕೂತರು. ಅವರ ತಲೆ ಕಿಟಕಿಯ ಬೆಳಕಿಗೆ ತಾಮ್ರದ ತಂಬಿಗೆಯಂತೆ ಹೊಳೆಯಿತು.

“ನಗೋದಕ್ಕೆ ಸಂತರಿಗೆ ಬೇರೆ ಯಾರೂ ಸಿಗಲಿಲ್ವಾ ಫಾದರ್?” ಎಂದ ಮಲಕಿ. ಕೈಯಲ್ಲಿ ಮಾಂಸ ಕುಯ್ಯುವ ಚಾಕು ಇತ್ತು. “ಇಷ್ಟು ವರ್ಷ ಕ್ರಿಸ್‌ಮಸ್ಸಿಗೆ ಒಳ್ಳೇ ತುಂಡು ನಿಮ್ಮ ಮನೆಗೇ ಕಳಿಸಿದೀನಿ. ಹೇಳೋದಿದ್ರೆ ಕರೆದು ಕಿವಿಯಲ್ಲಿ ಹೇಳ್ಬೇಕಿತ್ತು. ಊರೆಲ್ಲ ಕೇಳೋ ಹಾಗೆ ಫೋನಲ್ಲಿ ಅಂದ್ರಲ್ಲ!”

“ಏನಂದೆನಪ್ಪಾ?”

“ನನ್ನ ಬಾಯಲ್ಲೇ ಹೇಳಿಸ್ಬೇಕಾ? ಬೋಳು ಮೊಲ ಅಂತ!”

ಪಾದ್ರಿ ಕೈಯನ್ನು ನಿಧಾನವಾಗಿ ತಮ್ಮ ತಲೆಯ ಮೇಲೆ ಆಡಿಸಿಕೊಂಡರು. “ನಾನು? ಇನ್ನೊಬ್ಬನನ್ನು ಬೋಳ ಎನ್ನಲು ನನಗೆ ಏನಿದೆಯಪ್ಪಾ ಬಂಡವಾಳ, ಹ್ಞಾಂ?”

ಬ್ರೋನಾ ಮೇಜಿನ ಕೆಳಗೆ ನಾದಿನಿಯ ಕಾಲು ತುಳಿದಳು. ಸೈವ್ ಎದ್ದು ನಿಂತಳು. ಮುಖ ಸುಣ್ಣವಾಗಿತ್ತು. ತನ್ನ ದನಿಯಲ್ಲಿ ಹೇಳಲು ಹೋದಳು, ಹೆದರಿಕೆಗೆ ಗಂಟಲು ತನಗೆ ಅಭ್ಯಾಸವಾದ ದಾರಿಯನ್ನೇ ಹಿಡಿಯಿತು: “ನೋಡಪ್ಪಾ, ಹ್ಞಾಂ... ಅದು ನಾನಪ್ಪಾ.”

“ನಾನು ಹೀಗಾ ಮಾತಾಡುವುದು, ಹ್ಞಾಂ?” ಎಂದು ಕೇಳಿದರು ಪಾದ್ರಿ. ಎಲ್ಲರೂ ತಟ್ಟೆಯ ಬಟಾಣಿ ಎಣಿಸತೊಡಗಿದರು.

ಸೈವ್ ಅಳುತ್ತ ಎಲ್ಲ ಹೇಳಿದಳು: ಫೋನು, ಸಂತನ ಭಕ್ತ, ಗುಮಾಸ್ತ, ತೋಳದ ಮರಿ. ಮಲಕಿಯ ಕುತ್ತಿಗೆ ಕೆಂಪೇರುತ್ತ ಕಿವಿಗೆ ಬಂತು. ಚಾಕುವನ್ನು ಮೆಲ್ಲನೆ ತಟ್ಟೆಯ ಪಕ್ಕಕ್ಕಿಟ್ಟ. ಟೈಗ್ ಅದನ್ನು ಇನ್ನೂ ಸ್ವಲ್ಪ ದೂರ ಸರಿಸಿದ.

“ಮಾವ,” ಎಂದಳು ಬ್ರೋನಾ. ಮಡಿಲಲ್ಲಿ ಕೂಸು ಮಲಗಿತ್ತು.  “ಇದು ನಂಗೆ ಗೊತ್ತಿರ್ಲಿಲ್ಲ. ಆದ್ರೂ ನಿಮ್ಮನ್ನ ಊರಿಗೆಲ್ಲ ನಗೆಪಾಟಲು ಮಾಡಿ ಸಿಕ್ಕ ಹೆಸರು ನಂಗೆ ಬೇಡ. ಮಲಕಿ ಅಂತಲೇ ಇಡಿ. ಫಾದರ್ ಇಲ್ಲೇ ಇದಾರೆ.”

 ಮಲಕಿ ಸೊಸೆಯನ್ನು ನೋಡಿದ, ಕೂಸನ್ನು ನೋಡಿದ.

“ಈ ಎರಡು ವಾರ ಊರು ನನ್ನನ್ನ ಏನೇನೋ ಅಂತು,” ಎಂದ ಕೊನೆಗೆ. “ಅದೆಲ್ಲ ಸೇರಿಸಿದ್ರೂ, ಅವತ್ತು ಇದೇ ಮೇಜಿನಲ್ಲಿ ನಿನ್ನ ತಮ್ಮನ ಬಗ್ಗೆ ನಾನು ಅಂದ ಮಾತಿನಷ್ಟು ಕೆಟ್ಟದ್ದು ಒಂದೂ ಇರ್ಲಿಲ್ಲಮ್ಮ. ಗಾಜು ಒರೆಸ್ತಾ ಒರೆಸ್ತಾ ಅದೇ ನೆನಪಾಗ್ತಿತ್ತು.” ಪಾದ್ರಿಯ ಕಡೆ ತಿರುಗಿದ. “ಫಿಂಟನ್, ಫಾದರ್. ಹೋದ ವಾರ ಸೋತು ಕೊಟ್ಟಿದ್ದೆ. ಈಗ ನಾನಾಗೇ ಕೊಡ್ತಿದೀನಿ.”

ಬ್ರೋನಾ ಕೂಸಿನ ಕಿವಿಗೆ ಬಗ್ಗಿ, ಎಲ್ಲರ ಎದುರಿಗೇ, ಹೆಸರು ಹೇಳಿದಳು.

ಪಾದ್ರಿಗೆ ಎರಡೂ ಕಡೆಯವರನ್ನು ಸಂತೋಷಪಡಿಸುವ ಆಸೆಯಾಯಿತು. “ಫಿಂಟನ್ ಮಲಕಿ ಎಂದು ಇಡೋಣ, ಹ್ಞಾಂ? ನಿನ್ನ ಹೆಸರೂ ಹಿಂದುಗಡೆ ಬಾಲದ ಹಾಗೆ ಇರಲಿ.”

“ಬಾಲ ಯಾಕೆ ಫಾದರ್?” ಎಂದ ಮಲಕಿ, ಮುಖ ಗಂಟಿಕ್ಕಿಕೊಂಡೇ. “ನಾವು ಮೊಲಗಳು. ನಮ್ಮದು ಮೋಟು ಬಾಲ.”

 ಮಲಕಿ ರ್ಯಾಬಿಟ್‌ನ ಬಾಯಿಂದ ಆ ಪ್ರಾಣಿಯ ಹೆಸರು ತಾನಾಗಿ ಹೊರಬಿದ್ದದ್ದನ್ನು ಹೆಂಡತಿಯೂ ಕೇಳಿರಲಿಲ್ಲ. ತಾನು ಏನಂದೆ ಎನ್ನುವುದು ಅವನಿಗೂ ಆಮೇಲೆಯೇ ಹೊಳೆದಿರಬೇಕು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಮೇಜು. ಡಿಂಪ್ನಾ ಸೆರಗಿಲ್ಲದ ಹೆಂಗಸು, ಏಪ್ರನ್ನಿನಲ್ಲಿ ಬಾಯಿ ಮುಚ್ಚಿಕೊಂಡಳು. ಪಾದ್ರಿ ತಲೆ ಸವರಿಕೊಂಡು ಕಿಸಕ್ಕೆಂದರು. ಟೈಗ್ ಕೂಡ “ಹ್ಹ” ಎಂದು ಒಂದು ಪೂರ್ತಿ ಅಕ್ಷರ ನಕ್ಕ. ಸೈವ್ ಅಪ್ಪನ ನಗುವಿಗೆ ಹೆದರಿ ಇನ್ನೂ ಅಳುತ್ತಿದ್ದಳು.

“ಬೋಳು ಮೊಲ!” ಮಲಕಿ ಮೇಜು ಗುದ್ದಿದ, ಬಟಾಣಿಗಳು ಹಾರಿದವು. “ಇಷ್ಟು ವರ್ಷ ಊರಿನ ಒಬ್ಬ ನನ್ಮಗನಿಗೂ ಹೊಳೀಲಿಲ್ಲವಲ್ಲೋ! ನಾನೇ ಹೆತ್ತ ಹುಡುಗಿ ಹುಡುಕ್ಬೇಕಾಯ್ತಲ್ಲ!”

ಕೂಸು ಬೆಚ್ಚಿ ಎದ್ದು ಕಿರುಚಿತು. ಬ್ರೋನಾ ಅದನ್ನು ಎದೆಗವಚಿಕೊಂಡು ಬಾಗಿಲಿಗೆ ಹೋದಳು. ಬೀದಿಯ ಆಚೆ ಬದಿಯಲ್ಲಿ ಮಿಸೆಸ್ ಕಿಲ್‌ಗ್ಯಾನನ್ ಈ ಕಡೆಗೇ ಕಿವಿ ತಿರುಗಿಸಿ ನಿಂತಿದ್ದಳು. ತಿರುಗಿಸಬೇಕಾಗಿಯೇ ಇರಲಿಲ್ಲ. ಒಳಗೆ ಉಳಿದವರ ನಗು ಒಂದೊಂದಾಗಿ ಆರಿತು. ಮಲಕಿ ಒಬ್ಬ, ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತ, ಊರಿಗೆಲ್ಲ ಕೇಳುವ ಹಾಗೆ ನಗುತ್ತಲೇ ಇದ್ದ.